ಅತ್ತಿಗೆ ಕಲಿಸಿದ ‘ಪುಟ್ ಅಪ್ ವಿತ್’

ಮುಳಬಾಗಿಲಿನಿಂದ ಊರಿಗೆ ಹೋಗುವ ದಾರಿಯಲ್ಲಿ ಡ್ರೈವರ್ ಕಾಫಿಗೆಂದು ಒಂದು ಹೊಸ ಹೋಟೆಲಿನ ಮುಂದೆ ಕಾರು ನಿಲ್ಲಿಸಿದ. ಒಳಗೆ ಹೋಗಿ ಕೂತರೆ ಎದುರಿನ ಗೋಡೆಯ ಮೇಲೆ ಚಂದ್ರಿಕೆ. ಬಿದಿರಿನ ಚಂದ್ರಿಕೆ, ಸುರುಳಿ ಸುರುಳಿಯಾಗಿ ಹೆಣೆದದ್ದು. ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲಿ ಎಂದು ನಾವು ಬಿಡುತ್ತಿದ್ದ ಅದೇ ಚಂದ್ರಿಕೆ. ಅದರ ಸಂದುಗಳಲ್ಲಿ ಹಳದಿ ಬಣ್ಣದ ಪುಟಾಣಿ ಬಲ್ಬು ಸಿಕ್ಕಿಸಿ ಅಲಂಕಾರ ಮಾಡಿದ್ದರು. ಪಕ್ಕದ ಟೇಬಲ್ಲಿನ ಹುಡುಗಿಯರು ಅದರ ಕೆಳಗೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಚೆನ್ನಾಗಿಯೇ ಕಾಣುತ್ತಿತ್ತು ಅನ್ನಿ. ಅದನ್ನು ಹೊತ್ತು ಬಿಸಿಲಿಗೂ ನೆರಳಿಗೂ ಓಡಾಡಿ ಹೆಗಲು ಸವೆಸಿಕೊಂಡವರಿಗೆ ಮಾತ್ರ ಅದು ಅಲಂಕಾರವಾಗಿ ಕಾಣುವುದು ಕಷ್ಟ.

ನಾನು ಹೊರಟಿದ್ದದ್ದು ಅತ್ತಿಗೆಯ ಹನ್ನೊಂದನೇ ದಿನಕ್ಕೆ. ಕಾಫಿ ಅರ್ಧ ಕುಡಿದು ಎದ್ದುಬಿಟ್ಟೆ. ಆ ಚಂದ್ರಿಕೆಯ ಕೆಳಗೆ ಬಲ್ಬಿನ ಬದಲು ಅತ್ತಿಗೆಯ ಮುಖ ಕಾಣತೊಡಗಿತ್ತು... ಕೈಯಲ್ಲಿ ಸೊಪ್ಪು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು, ತುಟಿಯಲ್ಲಿ ಅರ್ಧ ಕನ್ನಡ ಅರ್ಧ ಇಂಗ್ಲಿಷಿನ ಯಾವುದೋ ವಾಕ್ಯ.

ಅತ್ತಿಗೆ ಅಂದರೆ ನನ್ನ ಒಬ್ಬನೇ ಅಣ್ಣನ ಹೆಂಡತಿ. ಮಾಲೂರು ತಾಲ್ಲೂಕಿನ ಲಕ್ಕೂರಿನ ಕಡೆಯ ಹುಡುಗಿ. ಅವರಪ್ಪ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಬಾಯಿ ಬಿಟ್ಟು ಏನನ್ನೂ ಕೇಳುವ ಜನವಲ್ಲ. ಆದರೆ ಮಗಳ ಮದುವೆಯ ಮಾತುಕತೆಯ ದಿನ, ಎಲೆ ಅಡಿಕೆ ಬದಲಾಗುವ ಮುಂಚೆ, ನಮ್ಮಮ್ಮನಿಗೆ ಕೈಮುಗಿದು ಒಂದೇ ಒಂದು ಕೇಳಿಕೊಂಡರು. ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲಾ ಪಾಸಾಗಿದ್ದಾಳೆ, ಇಂಗ್ಲಿಷ್ ಒಂದು ಉಳಿದಿದೆ, ಅದನ್ನು ಕಟ್ಟಿ ಬರೆಯಲು ಬಿಡಬೇಕು. ಪಾಸಾದರೆ ಕೋಲಾರದಲ್ಲಿ ಟೀಚರ್ ಟ್ರೈನಿಂಗಿಗೆ ಕಳಿಸಬೇಕು. ಆಗೆಲ್ಲ ಎಸ್ಸೆಸ್ಸೆಲ್ಸಿ ಆದವರಿಗೆ ಟ್ರೈನಿಂಗ್ ಸಿಗುತ್ತಿತ್ತು, ಟ್ರೈನಿಂಗ್ ಆದವರಿಗೆ ಕೆಲಸವೂ ಸಿಗುತ್ತಿತ್ತು. ನಮ್ಮಮ್ಮ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ, "ಅದಕ್ಕೇನಂತೆ, ನಮ್ಮ ಮನೆಗೂ ಒಬ್ಳು ಟೀಚರಮ್ಮ ಬಂದಂಗಾಯ್ತು" ಅಂದಳು. ನಾನು ಅಲ್ಲೇ ಇದ್ದೆ. ಆ ಮಾತು ಕೇಳಿ ಅವರಪ್ಪನ ಕಣ್ಣಲ್ಲಿ ನೀರು ಬಂದದ್ದೂ ನೋಡಿದೆ.

ಎಂಬತ್ತರ ದಶಕದ ಮೊದಮೊದಲ ವರ್ಷಗಳು. ನಮ್ಮದು ಶ್ರೀನಿವಾಸಪುರದ ಹತ್ತಿರದ ಹಳ್ಳಿ. ಬಾವಿಯ ನೀರಿನಲ್ಲಿ ಹಿಪ್ಪುನೇರಳೆ, ಒಂದಿಷ್ಟು ಟೊಮೆಟೊ, ಮಳೆ ನಂಬಿ ರಾಗಿ. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದ. ಅಮ್ಮ ಹುಳ ಸಾಕಿಯೇ ನಮ್ಮಿಬ್ಬರನ್ನೂ ದೊಡ್ಡವರನ್ನಾಗಿ ಮಾಡಿದ್ದಳು. ಹಾಗಾಗಿ ಮನೆಯಲ್ಲಿ ಮನುಷ್ಯರಿಗಿಂತ ಹುಳಕ್ಕೇ ಜಾಗ ಹೆಚ್ಚು, ಮರ್ಯಾದೆಯೂ ಹೆಚ್ಚು. ನಡುಮನೆಯ ತುಂಬ ತಟ್ಟೆಗಳ ಅಟ್ಟಣೆ. ನಾವು ಮಲಗುತ್ತಿದ್ದದ್ದು ಹಜಾರದಲ್ಲಿ. ಹುಳ ಇದ್ದಷ್ಟು ದಿನ ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಬೀಡಿ ಸೇದಿದವರು ಹೊಸಿಲು ದಾಟುವಂತಿಲ್ಲ. ಇದನ್ನೆಲ್ಲ ಹುಳ ಸಾಕುವವರು ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ನಮ್ಮ ಮನೆಯಲ್ಲಿ ಇನ್ನೂ ಒಂದು ಕಟ್ಟಳೆ ಇತ್ತು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ, ಹುಳ ಹಣ್ಣಾಗಿ ಚಂದ್ರಿಕೆ ಹತ್ತುವ ತನಕ, ಮರಿಯಿಂದ ಅದನ್ನು ಸಾಕಿದ ಹೆಂಗಸು ಊರ ಗಡಿ ದಾಟಬಾರದು. ಹುಳ ಅಂದರೆ ಲಕ್ಷ್ಮಿ, ಸಾಕಿದ ಕೈ ಕಾಣದಿದ್ದರೆ ಮುನಿಯುತ್ತಾಳೆ ಅನ್ನುವುದು ಅಮ್ಮನ ನಂಬಿಕೆ. ತನ್ನ ತವರಿನ ಸಾವಿಗೂ ಅಮ್ಮ ಈ ಕಟ್ಟಳೆ ಮೀರಿ ಹೋಗಿರಲಿಲ್ಲ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಅತ್ತಿಗೆ ಬಂದ ಮೇಲೆ ಹುಳ ಸಾಕುವ ಕೈ ಅವಳದಾಯಿತು. ಮೊದಲ ಅಕ್ಟೋಬರಿನ ಪರೀಕ್ಷೆ ಬಂದಾಗ ಹುಳ ನಾಲ್ಕನೇ ಜ್ವರ ಎದ್ದು ಕೂತಿತ್ತು. ಆಗಲಿ, ಹೊಸದಾಗಿ ಬಂದವಳು, ಮುಂದಿನ ಸಲ ಅಂದರು. ಮುಂದಿನ ಮಾರ್ಚಿಗೆ ಅತ್ತಿಗೆ ಮೊದಲೇ ಲೆಕ್ಕ ಹಾಕಿ, ಹುಳದ ಮೊಟ್ಟೆಯನ್ನು ಒಂದು ವಾರ ತಡವಾಗಿ ತರೋಣ ಅತ್ತೆ ಎಂದು ಕೇಳಿಕೊಂಡಳು. ಅಮ್ಮ ಆಗಲಿ ಅಂದಳು. ಆಗಲಿ ಅಂದವಳು ಎಂದಿನ ದಿನವೇ ಮೊಟ್ಟೆ ತಂದಳು. ಪರೀಕ್ಷೆಯ ದಿನ ಸರಿಯಾಗಿ ಹುಳ ಕಂತೆಗಟ್ಟಲೆ ಸೊಪ್ಪು ಕೇಳುತ್ತಿತ್ತು. "ಹುಳಕ್ಕೇನು ಕ್ಯಾಲೆಂಡರ್ ಓದಕ್ಕೆ ಬರ್ತದಾ?" ಎಂದು ಅಮ್ಮ ನಕ್ಕಳು. ಹುಳಕ್ಕೆ ಬರುತ್ತಿರಲಿಲ್ಲ, ಅಮ್ಮನಿಗೆ ಬರುತ್ತಿತ್ತು.

ಅಣ್ಣ ಏನೂ ಅನ್ನಲಿಲ್ಲ. ಅಣ್ಣ ಕೆಟ್ಟವನಲ್ಲ. ಹೆಂಡತಿಯನ್ನು ಹೊಡೆದವನಲ್ಲ, ಬೈದವನಲ್ಲ, ಕುಡಿದವನಲ್ಲ. ಸಂತೆಗೆ ಹೋದರೆ ಅವಳಿಗೆಂದು ಹೂವು ಮರೆಯದೆ ತರುತ್ತಿದ್ದ. ಆದರೆ ಅಮ್ಮನ ಎದುರು ಬಾಯಿ ತೆಗೆಯಬೇಕಾದ ಹೊತ್ತಿಗೆ ಅವನಿಗೆ ಹೊಲದಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು.

ಆ ವರ್ಷ ನಾನು ಹತ್ತನೇ ಕ್ಲಾಸು. ನಮ್ಮಿಬ್ಬರಿಗೂ ಸೇರಿ ಒಂದೇ ಇಂಗ್ಲಿಷ್ ಗೈಡು. ಅತ್ತಿಗೆ ತವರಿನಿಂದ ತಂದದ್ದು, ಬೆನ್ನು ಬಿಚ್ಚಿಹೋಗಿ ದಾರ ಹಾಕಿ ಹೊಲಿದದ್ದು. ನನಗೆ ಇಂಗ್ಲಿಷ್ ಅಂದರೆ ಗಂಟಲಲ್ಲಿ ಮುಳ್ಳು. ಶಾಲೆಯಲ್ಲಿ ಮೇಷ್ಟ್ರು ಒಂದೊಂದು ಮಾತಿಗೆ ಒಂದೊಂದು ವಾಕ್ಯ ಬರೆಸಿ ಬಾಯಿಪಾಠ ಮಾಡಿಸುತ್ತಿದ್ದರು. ‘ಸ್ವಂತ ವಾಕ್ಯದಲ್ಲಿ ಬಳಸಿ’ ಅನ್ನುವ ಪ್ರಶ್ನೆಗೆ ಇಡೀ ಕ್ಲಾಸಿನವರು ಅದೇ ವಾಕ್ಯ ಬರೆಯುತ್ತಿದ್ದೆವು. ಸ್ವಂತದ್ದು ಅಂದರೆ ಎಲ್ಲರದೂ ಒಂದೇ ಆಗಿರಬೇಕು ಎಂದೇ ನಾವು ತಿಳಿದಿದ್ದದ್ದು. ‘ಪುಟ್ ಅಪ್ ವಿತ್’ ಅನ್ನುವುದಕ್ಕೆ ಗೈಡಿನಲ್ಲೂ ಮೇಷ್ಟ್ರ ಬಾಯಲ್ಲೂ ಇದ್ದ ವಾಕ್ಯ ಇದು: ‘ಎ ಗುಡ್ ವೈಫ್ ಪುಟ್ಸ್ ಅಪ್ ವಿತ್ ಹರ್ ಹಸ್ಬೆಂಡ್ಸ್ ಆ್ಯಂಗರ್.’ ಒಳ್ಳೆಯ ಹೆಂಡತಿ ಗಂಡನ ಸಿಟ್ಟನ್ನು ಸಹಿಸಿಕೊಳ್ಳುತ್ತಾಳೆ. ಕೆಳಗೆ ಕನ್ನಡದಲ್ಲಿ, ಸಹನೆ ತೋರು, ತಾಳಿಕೋ ಎಂದು ಅರ್ಥ.

ನಾನು ಹುಳದ ಮನೆಯ ಹೊಸಿಲ ಮೇಲೆ ಕೂತು ಅದನ್ನೇ ಗಿಳಿಯ ಹಾಗೆ ಓದುತ್ತಿದ್ದೆ. ಒಳಗೆ ಅತ್ತಿಗೆ ತಟ್ಟೆಯಿಂದ ಹುಳದ ಕಸ ತೆಗೆಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು.

"ಅಲ್ಲ ಕಣೇ, ಹಬ್ಬದ್ ಪಾಯಸಾನ ಯಾರಾದ್ರೂ ಸಹಿಸ್ಕೊಂಡು ತಿಂತಾರಾ?"

ಇಲ್ಲ ಅಂದೆ. ಹಾಗಾದರೆ ಯಾವುದನ್ನು ಸಹಿಸಿಕೊಳ್ಳುತ್ತಾರೆ ಹೇಳು ಅಂದಳು. ಬಿಸಿಲು, ಸೊಳ್ಳೆ, ಹುಳದ ಕಸದ ನಾತ, ಅಣ್ಣನ ಗೊರಕೆ... ನಾನು ಹೇಳುತ್ತಾ ಹೋದೆ. ಗೊರಕೆಗೆ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಬಿಡಿಸಿ ಹೇಳಿದಳು. ಇಷ್ಟವಿಲ್ಲದ್ದಕ್ಕೆ ಮಾತ್ರ ಈ ಮಾತು. ಇಷ್ಟವಿಲ್ಲ ಅನ್ನುವುದು ಒಳಗೆ ಇದ್ದೇ ಇರುತ್ತದೆ, ಅದು ಸತ್ತಿರುವುದಿಲ್ಲ. ಸುಮ್ಮನಿದ್ದಾರೆ ಅಂದ ಮಾತ್ರಕ್ಕೆ ಒಪ್ಪಿಕೊಂಡಿದ್ದಾರೆ ಅಂತಲ್ಲ. ಸಹನೆ ಅಂದರೆ ಏನೋ ದೊಡ್ಡ ಗುಣ, ದೇವರ ಪಟದ ಮುಂದೆ ದೀಪ ಹಚ್ಚಿದ ಹಾಗೆ. ಇದು ಅಷ್ಟು ದೊಡ್ಡದಲ್ಲ, ಬರೀ ಹಲ್ಲು ಕಚ್ಚಿಕೊಳ್ಳುವುದು. ಅವಳು ಹೇಳಿದ್ದನ್ನು ಈಗ ನಾನು ಬರಹದ ಕನ್ನಡಕ್ಕೆ ತಂದಿದ್ದೇನೆ, ಅಷ್ಟೇ.

ಎಮ್ಮೆಯನ್ನು ಹಾಕಿ ನಾನೂ ಒಂದು ವಾಕ್ಯ ಮಾಡಿದೆ. ನಮ್ಮ ಎಮ್ಮೆ ನೊಣಗಳನ್ನು ಸಹಿಸಿಕೊಳ್ಳುತ್ತದೆ. ಅತ್ತಿಗೆ ಒಪ್ಪಲಿಲ್ಲ.

"ಕಟ್ಟಾಕಿರೋ ಎಮ್ಮೆಗೆ ಆ ಮಾತು ಯಾಕೆ? ಅದಕ್ಕೆ ಹಗ್ಗ ಐತೆ, ನಿಂತದೆ. ಎದ್ದು ಹೋಗೋಕೆ ದಾರಿ ಇದ್ದೂ ಇರ್ತಾರಲ್ಲ, ಅವರಿಗೆ ಕಣೇ ಈ ಮಾತು."

ಆಮೇಲೆ ಅವಳೇ ಗೈಡಿನ ಪಾಠಗಳನ್ನು ತಿರುವಿ, ಒಂದು ಕಥೆಯಲ್ಲಿ ಈ ಮಾತು ಬಂದಿದ್ದ ಜಾಗ ತೋರಿಸಿದಳು. ಅಲ್ಲಿ ಒಬ್ಬ ಬಾಡಿಗೆದಾರ, ‘ಐ ವಿಲ್ ನಾಟ್ ಪುಟ್ ಅಪ್ ವಿತ್ ದಿಸ್’ ಎಂದು ಬಾಗಿಲು ಬಡಿದು ಹೋಗುತ್ತಾನೆ. ಇನ್ನು ಸಹಿಸುವುದಿಲ್ಲ ಅಂತ. ಇಂಗ್ಲಿಷಿನವರು ಈ ಮಾತನ್ನು ಹೆಚ್ಚಾಗಿ ಆಡುವುದು ಹೀಗೇ ಇರಬೇಕು, ಆಗುವುದಿಲ್ಲ ಅನ್ನುವಾಗ. ನಮ್ಮವರು ಮಾತ್ರ ಅದನ್ನು ಒಳ್ಳೆಯ ಹೆಂಡತಿಗೆ ತಂದು ಕಟ್ಟಿದ್ದಾರೆ ಅಂದಳು. ನಾನು ನಮ್ಮ ಮೇಷ್ಟ್ರ ಪಕ್ಷ ವಹಿಸಿ, ತಾಳಿದವನು ಬಾಳಿಯಾನು ಅನ್ನುವ ಗಾದೆ ಇಲ್ಲವೇ ಎಂದು ಕೇಳಿದೆ. ಅತ್ತಿಗೆ ಸೊಪ್ಪು ಹರಡುತ್ತಲೇ, "ಆ ಗಾದೆ ಮಾಡ್ದೋರು ಯಾರು? ತಾಳ್ಕೊಂಡೋರಾ, ತಾಳಿಸ್ದೋರಾ?" ಅಂದಳು.

ಮುಂದೆ ಎಷ್ಟೋ ವರ್ಷ ಇಂಗ್ಲಿಷ್ ಕಲಿಸುವುದೇ ನನ್ನ ಕಸುಬಾಯಿತು. ತರಬೇತಿಗಳಿಗೆ ಹೋದೆ, ದಪ್ಪ ದಪ್ಪ ಡಿಕ್ಷನರಿಗಳನ್ನು ನೋಡಿದೆ. ಆ ಮಾತಿನ ವಿಷಯದಲ್ಲಿ ಅವು ಯಾವುವೂ ಅತ್ತಿಗೆ ಹುಳದ ಮನೆಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹೇಳಲಿಲ್ಲ. ಇಂಗ್ಲಿಷಿನಲ್ಲಿ ಫೇಲಾದವಳು ಅವಳು ಎಂಬುದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಗೈಡಿನ ವಾಕ್ಯ ಬಿಟ್ಟು ತನ್ನದೇ ವಾಕ್ಯಗಳನ್ನು ಬರೆದು ಫೇಲಾದಳೋ ಏನೋ, ಯಾರು ಬಲ್ಲರು...

ಅಕ್ಟೋಬರ್ ಬಂತು. ಈ ಸಲ ಅತ್ತಿಗೆ ಮೊಟ್ಟೆ ತಡವಾಗಿ ತನ್ನಿ ಎಂದು ಯಾರನ್ನೂ ಕೇಳಲಿಲ್ಲ. ಕೇಳಿ ಪ್ರಯೋಜನವಿಲ್ಲ ಎಂದು ಗೊತ್ತಿತ್ತು. ತವರಿಗೆ ಹೋದಾಗ ಅಪ್ಪನ ಕೈಯಲ್ಲೇ ಪರೀಕ್ಷೆ ಕಟ್ಟಿಸಿ ಬಂದಿದ್ದಳು. ಎಂದಿನಂತೆ ಹುಳ ನಾಲ್ಕನೇ ಜ್ವರ ಎದ್ದಿತು, ಎಂದಿನಂತೆ ಪರೀಕ್ಷೆಯೂ ಅದರ ಮೇಲೇ ಬಂದು ಬಿತ್ತು. ಹಿಂದಿನ ಸಂಜೆ ಊಟಕ್ಕೆ ಬಡಿಸುತ್ತಾ ಅಮ್ಮನಿಗೂ ಅಣ್ಣನಿಗೂ ಕೇಳಿಸುವಂತೆ ಅತ್ತಿಗೆ ಹೇಳಿದಳು.

"ನಾಳೆ ಕೋಲಾರಕ್ಕೆ ಹೋಗ್ತೀನಿ ಅತ್ತೆ. ಪರೀಕ್ಷೆ ಐತೆ. ಬೆಳಗಿನ ಸೊಪ್ಪು ಹಾಕಿ ಹೋಗ್ತೀನಿ, ಸಂಜೆ ಸೊಪ್ಪಿಗೆ ಬರ್ತೀನಿ."

ಅಮ್ಮ ಮುದ್ದೆ ಮುರಿಯುವುದನ್ನು ನಿಲ್ಲಿಸಿದಳು. ಹುಳ ಇನ್ನೆರಡು ಮೂರು ದಿನದಲ್ಲಿ ಹಣ್ಣಾಗುತ್ತದೆ, ಸಾಕಿದವಳು ಗಡಿ ದಾಟಬಾರದು ಎಂದು ಗೊತ್ತಿಲ್ಲವೇ ಎಂದು ಕೇಳಿದಳು. ಗೊತ್ತು ಎಂದಳು ಅತ್ತಿಗೆ. ದನಿ ಎತ್ತರಿಸಲಿಲ್ಲ, ಅಳಲೂ ಇಲ್ಲ. ಅಣ್ಣನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಅಣ್ಣ ತಲೆ ಎತ್ತಲಿಲ್ಲ. ಎತ್ತಲಿಲ್ಲ, ಆದರೆ ಬೇಡವೆಂದೂ ಅನ್ನಲಿಲ್ಲ. ಅದನ್ನೇ ದೊಡ್ಡ ಉಪಕಾರ ಎಂದುಕೊಂಡು ಅತ್ತಿಗೆ ಬೆಳಕು ಹರಿಯುವ ಮುಂಚೆ ಎದ್ದಳು.

ಹೊರಡುವಾಗ ಅವಳು ಅಣ್ಣನಿಗೆ ಹೇಳಿದ ಮಾತಿಗೆ ನಾನು ಸಾಕ್ಷಿ. ನಾನು ಅಲ್ಲೇ ಬಾಗಿಲಲ್ಲಿ ಜಡೆ ಹಾಕಿಕೊಳ್ಳುತ್ತಿದ್ದೆ.

"ಬದುವಿನ ಕಡೆ ಸಾಲು ಮುಟ್ಟಬೇಡಿ. ಟೊಮೆಟೊಗೆ ನೀವು ಔಷಧಿ ಹೊಡ್ದಿದೀರ, ಗಾಳಿ ಈ ಕಡೇಗೇ ಇತ್ತು. ಬಾವಿ ಪಕ್ಕದ್ದು ಕಿತ್ಕೊಳ್ಳಿ, ದೂರ ಆದ್ರೂ ಅದೇ ಕಿತ್ಕೊಳ್ಳಿ."

ಅಣ್ಣ ಹೂಂ ಅಂದ. ನಮ್ಮ ಹಿಪ್ಪುನೇರಳೆ ಮಡಿಗೆ ತಾಗಿಕೊಂಡೇ ಟೊಮೆಟೊ ಇತ್ತು. ಅಣ್ಣನೇ ಎರಡು ದಿನದ ಹಿಂದೆ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದಿದ್ದ. ಔಷಧಿ ಬಿದ್ದ ಸೊಪ್ಪು ತಿಂದರೆ ಹುಳ ಉಳಿಯುವುದಿಲ್ಲ. ಇದು ಹುಳ ಸಾಕುವ ಮನೆಯ ಕೂಸಿಗೂ ಗೊತ್ತಿರುವ ಸಂಗತಿ. ಅತ್ತಿಗೆ ಮೊದಲ ಬಸ್ಸಿಗೆ ಹೋದಳು. ನಾನು ಶಾಲೆಗೆ ಹೋದೆ.

ಶಾಲೆಯಿಂದ ಬರುವಷ್ಟರಲ್ಲಿ ಮನೆಯ ಮುಂದೆ ಅಕ್ಕಪಕ್ಕದ ಹೆಂಗಸರು ನಿಂತಿದ್ದರು. ಒಳಗೆ ಹೋಗಿ ನೋಡಿದೆ. ತಟ್ಟೆ ತಟ್ಟೆಗಳಲ್ಲೂ ಹುಳ ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿದ್ದವು, ಬಾಯಿಂದ ಹಸಿರು ರಸ ಕಾರುತ್ತಿದ್ದವು. ಬೆಳಗ್ಗೆ ಬೆರಳಿನಷ್ಟು ದಪ್ಪವಿದ್ದ ಹುಳಗಳು ಸುಕ್ಕುಗಟ್ಟಿ ಮುದುಡಿಹೋಗಿದ್ದವು. ಅಣ್ಣ ಮೂಲೆಯಲ್ಲಿ ನಿಂತು ನೋಡುತ್ತಿದ್ದ. ಹುಳಕ್ಕೆ ಬರುವ ರೋಗಗಳನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಸುಣ್ಣಕಟ್ಟಿದರೆ ಹುಳ ಬೆಳ್ಳಗೆ ಗಟ್ಟಿಯಾಗುತ್ತದೆ, ಹಾಲುಹುಳವಾದರೆ ಊದಿಕೊಂಡು ಒಡೆಯುತ್ತದೆ. ಹೀಗೆ ತಲೆ ಆಡಿಸಿ ಹಸಿರು ಕಾರುವುದು ಒಂದಕ್ಕೇ. ಅದು ಅಣ್ಣನಿಗೂ ಗೊತ್ತು, ಅಮ್ಮನಿಗೂ ಗೊತ್ತಿರಲೇಬೇಕು.

ಆದರೆ ಅಮ್ಮನಿಗೆ ಅಷ್ಟು ಹೊತ್ತಿಗೆ ಬೇರೆ ಕಾರಣ ಸಿಕ್ಕಿತ್ತು. ಜಗುಲಿಯ ಮೇಲೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಸಾಕಿದವಳು ಕೈಬಿಟ್ಟು ಹೋದಳು, ಲಕ್ಷ್ಮಿ ಮುನಿದಳು, ಇಷ್ಟು ವರ್ಷ ನಾನು ಒಂದು ದಿನ ಗಡಿ ದಾಟಿದವಳಲ್ಲ... ನಿಂತಿದ್ದ ಹೆಂಗಸರು ಹೌದು ಹೌದೆಂದು ತಲೆದೂಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಎಲ್ಲರ ಎದುರಿಗೇ ಹೇಳಿದೆ.

"ಅದ್ಯಾವ ಲಕ್ಷ್ಮೀನೂ ಅಲ್ಲಮ್ಮ. ಬದುವಿನ ಸಾಲಿನ ಸೊಪ್ಪು ಹಾಕಿದಾರೆ. ಹುಳ ನೋಡಿದ್ರೆ ಗೊತ್ತಾಗಲ್ವಾ?"

ಅಮ್ಮ ಅಣ್ಣನ ಕಡೆ ತಿರುಗಿ, ಹೌದೇನೋ ಅಂದಳು. ಆ ಹೊತ್ತಿಗೆ ಸರಿಯಾಗಿ ಅತ್ತಿಗೆ ಬಸ್ಸಿಳಿದು ಅಂಗಳಕ್ಕೆ ಕಾಲಿಟ್ಟಿದ್ದಳು. ಕೈಯಲ್ಲಿ ಪೆನ್ನಿನ ಡಬ್ಬಿ. ಪರೀಕ್ಷೆ ಚೆನ್ನಾಗಿ ಬರೆದಿದ್ದಳು ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಜನರನ್ನು ನೋಡಿ ಆ ಮುಖ ಇಳಿಯುತ್ತಿರುವಾಗಲೇ ಅಣ್ಣ ಹೇಳಿದ.

"ಆ ಸಾಲು ಯಾರೂ ಮುಟ್ಟಿಲ್ಲ. ಬಾವಿ ಪಕ್ಕದ್ದೇ ಕಿತ್ತಿದ್ದು."

ಬದುವಿನ ಸಾಲು ಬೋಳಾಗಿ ನಿಂತಿತ್ತು. ಮನೆಯ ಹಿಂದಕ್ಕೆ ಹೋಗಿ ನೋಡಿದರೆ ಕಾಣುತ್ತಿತ್ತು. ಯಾರೂ ಹೋಗಿ ನೋಡಲಿಲ್ಲ. ನಾನು ನೋಡಿ ಬಂದು ಮತ್ತೆ ಬಾಯಿ ತೆಗೆದದ್ದಕ್ಕೆ ಅಮ್ಮ ಕೆನ್ನೆಗೆ ಬಿಟ್ಟಳು. ಅತ್ತಿಗೆ ಮಾತ್ರ ಅಣ್ಣನನ್ನೇ ನೋಡುತ್ತಿದ್ದಳು. ಅಣ್ಣ ಅವಳನ್ನು ನೋಡಲಿಲ್ಲ. ಅವನಿಗೆ ಹೊಲದಲ್ಲಿ ಏನೋ ಕೆಲಸ ನೆನಪಾಯಿತು, ಟವೆಲ್ಲು ಕೊಡವಿಕೊಂಡು ಹೋದ. ಅತ್ತಿಗೆ ಪೆನ್ನಿನ ಡಬ್ಬಿಯನ್ನು ಗೋಡೆಯ ಗೂಡಿನಲ್ಲಿಟ್ಟು, ಸೆರಗು ಸಿಕ್ಕಿಸಿ, ಸತ್ತ ಹುಳಗಳನ್ನು ಮೊರಕ್ಕೆ ತುಂಬಿ ತಿಪ್ಪೆಗೆ ಹಾಕತೊಡಗಿದಳು. ನಾನು ಅಳುತ್ತಾ ಜೊತೆಗೆ ತುಂಬಿದೆ.

ಇಂಗ್ಲಿಷಿನಲ್ಲಿ ಅತ್ತಿಗೆ ಪಾಸಾದಳು. ನಮ್ಮ ಹೈಸ್ಕೂಲಿನ ಹುಡುಗರಿಗಿಂತ ಎಷ್ಟೋ ಹೆಚ್ಚು ಅಂಕ. ಫಲಿತಾಂಶ ತಿಳಿದ ದಿನ ಅವರಪ್ಪ ಲಕ್ಕೂರಿನಿಂದ ಬಾಳೆಹಣ್ಣು, ಬೂಂದಿ ತೆಗೆದುಕೊಂಡು ಬಂದರು. ಟ್ರೈನಿಂಗಿನ ಮಾತು ಎತ್ತಿದ್ದಕ್ಕೆ ಅಮ್ಮ, ಒಂದು ದಿನ ಹೋಗಿದ್ದಕ್ಕೆ ಒಂದು ಬೆಳೆ ತಿಂದಳು, ವರ್ಷಗಟ್ಟಲೆ ಹೋದರೆ ಮನೆಯನ್ನೇ ತಿನ್ನುತ್ತಾಳೆ ಅಂದಳು. ಆ ಮನುಷ್ಯ ಅಣ್ಣನ ಮುಖ ನೋಡಿದರು. ಅಣ್ಣ ಬಾಳೆಹಣ್ಣಿನ ಚಿಪ್ಪನ್ನು ಒಳಗೆ ತೆಗೆದುಕೊಂಡು ಹೋಗಿ ಇಟ್ಟ. ಅವರಪ್ಪ ಬಂದ ಬಸ್ಸಿಗೇ ವಾಪಸ್ಸು ಹೋದರು.

ಬೆಳೆ ಹೋದದ್ದು ದೊಡ್ಡ ನಷ್ಟವೇ, ಇಲ್ಲ ಅನ್ನುವುದಿಲ್ಲ. ಆದರೆ ಮುಂದಿನ ಬೆಳೆ ಚೆನ್ನಾಗಿ ಬಂತು, ಅದರ ಮುಂದಿನದು ಇನ್ನೂ ಚೆನ್ನಾಗಿ ಬಂತು, ಸಾಕಿದ್ದು ಅದೇ ಕೈ. ಆದರೂ ಆ ಒಂದು ಬೆಳೆಯ ಮಾತು ಮಾತ್ರ ಮನೆ ಬಿಟ್ಟು ಹೋಗಲಿಲ್ಲ. ನೆಂಟರು ಬಂದಾಗಲೆಲ್ಲ ಅಮ್ಮ ಅದನ್ನು ಹೇಳುವಳು. ಸಿಟ್ಟಿನಿಂದ ಅಲ್ಲ, ನಿಟ್ಟುಸಿರಿನಿಂದ. ಸಂಕಟ ಹೇಳಿಕೊಳ್ಳುವಾಗ ಅಮ್ಮನಿಗೆ ತನ್ನ ತವರಿನ ತೆಲುಗು ಬರುತ್ತಿತ್ತು. "ಏಮಿ ಚೇಸೇದಿ, ಭರಿಂಚಾಲ" ಅನ್ನುವಳು. ಏನು ಮಾಡುವುದು, ಸಹಿಸಿಕೊಳ್ಳಬೇಕು ಎಂದು. ಬಂದವರು, ನೀನಾಗಿದ್ದಕ್ಕೆ ಇಟ್ಟುಕೊಂಡಿದ್ದೀಯ ತಾಯಿ, ಬೇರೆಯವರಾಗಿದ್ದರೆ ತವರಿಗೆ ಅಟ್ಟುತ್ತಿದ್ದರು ಎಂದು ಸಮಾಧಾನ ಹೇಳುವರು. ಹೀಗೆ ನಮ್ಮ ಊರಲ್ಲಿ ಸಹನೆಗೆ ಹೆಸರಾದವಳು ನಮ್ಮಮ್ಮ. ಆ ಮಾತುಗಳು ನಡೆಯುವಾಗ ಅತ್ತಿಗೆ ಅದೇ ನೆಂಟರಿಗೆ ಕಾಫಿ ತಂದುಕೊಡುತ್ತಿದ್ದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಸೊಸೆಯ ಕಾಲ ಬರುವಷ್ಟರಲ್ಲಿ ಸೊಸೆಗೇ ಮುಪ್ಪು ಬಂದಿತ್ತು.

ಮುಂದಿನ ಮಾರ್ಚಿನಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಅತ್ತಿಗೆ ಕಲಿಸಿದ ಇಂಗ್ಲಿಷಿನಲ್ಲೇ ನನಗೆ ಹೆಚ್ಚು ಅಂಕ. ಕೋಲಾರದ ಟೀಚರ್ ಟ್ರೈನಿಂಗಿಗೆ ನನ್ನನ್ನು ಕಳಿಸಿದರು. ಅದೇ ಅಮ್ಮ, ಅದೇ ಅಣ್ಣ. ಒಬ್ಬರ ಬಾಯಲ್ಲೂ ಒಂದು ಅಡ್ಡ ಮಾತಿಲ್ಲ. ಮಗಳು ಓದಿದರೆ ಯಾವ ಲಕ್ಷ್ಮಿಯೂ ಮುನಿಯುವುದಿಲ್ಲವಲ್ಲ. ನನ್ನ ಟ್ರಂಕಿಗೆ ಬಟ್ಟೆ ಜೋಡಿಸಿಕೊಟ್ಟವಳು ಅತ್ತಿಗೆ. ದಾರ ಹಾಕಿ ಹೊಲಿದ ಆ ಗೈಡನ್ನೂ ಸೀರೆಗಳ ಅಡಿಯಲ್ಲಿ ಇಟ್ಟಳು. ನೀನೇ ಇಟ್ಟುಕೋ ಅತ್ತಿಗೆ ಅಂದದ್ದಕ್ಕೆ, "ನಂಗ್ಯಾಕೆ ಇನ್ನು?" ಅಂದಳು. ಅಷ್ಟೇ ಅಂದದ್ದು.

ಅಲ್ಲಿಂದಾಚೆಗೆ ಅವಳ ಬಾಯಲ್ಲಿ ನಾನು ಒಂದು ಇಂಗ್ಲಿಷ್ ವಾಕ್ಯವನ್ನೂ ಕೇಳಲಿಲ್ಲ. ನನಗೆ ಕೆಲಸ ಸಿಕ್ಕಿತು, ದೇವರಾಯಸಮುದ್ರದ ಕಡೆ, ಆಮೇಲೆ ಬೇರೆ ಬೇರೆ ಊರುಗಳಲ್ಲಿ ಮೇಡಂ ಅನ್ನಿಸಿಕೊಂಡೆ. ರಜಕ್ಕೆ ಊರಿಗೆ ಹೋದರೆ ಅತ್ತಿಗೆ ನನ್ನ ಕೈಯಲ್ಲಿ ಒಂದು ಕೆಲಸ ಮಾಡಿಸುತ್ತಿರಲಿಲ್ಲ. ಟೀಚರಮ್ಮ ಬಂದಿದ್ದಾರೆ, ಕೂತಿರಲಿ ಎನ್ನುವಳು. ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ನನಗೆ ಒಳ್ಳೆಯದಿತ್ತು. ಅವಳಿಗೆ ಇಬ್ಬರು ಮಕ್ಕಳಾದರು, ಅವರ ಹೋಂವರ್ಕನ್ನು ಅಣ್ಣ ಪಕ್ಕದ ಮನೆಯ ಹುಡುಗನ ಹತ್ತಿರ ಮಾಡಿಸುತ್ತಿದ್ದ.

ಒಮ್ಮೆ, ಅಮ್ಮ ಹೋಗಿ ಬಹಳ ವರ್ಷವಾದ ಮೇಲೆ, ಹುಳ ಸಾಕುವುದೂ ನಿಂತು ನಡುಮನೆಯಲ್ಲಿ ಟೀವಿ ಬಂದ ಮೇಲೆ, ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ನಾನು ಕೇಳಿಯೇಬಿಟ್ಟೆ. ಅವತ್ತು ಜಗುಲಿಯ ಮೇಲೆ ನೀನು ಯಾಕೆ ಬಾಯಿ ಬಿಡಲಿಲ್ಲ, ಬದುವಿನ ಸಾಲು ಮುಟ್ಟಬೇಡಿ ಎಂದು ಹೇಳಿಹೋಗಿದ್ದೆ ಎಂದು ಯಾಕೆ ಹೇಳಲಿಲ್ಲ. ಅತ್ತಿಗೆ ಬಹಳ ಹೊತ್ತು ಕಾಯಿ ಬಿಡಿಸಿದಳು.

"ಊರೋರ ಮುಂದೆ ನಿಮ್ಮಣ್ಣನ್ನ ಸುಳ್ಳುಗಾರ ಅನ್ಬೇಕಿತ್ತು ಕಣೇ. ಅಂದು, ಅವತ್ತು ಸಂಜೆ ಅವರಿಗೇ ಮುದ್ದೆ ಇಕ್ಬೇಕಿತ್ತು. ಅವರೇ ಒಂದಿನ ಹೇಳ್ತಾರೆ ಅಂತ ಬಿಟ್ಟೆ."

ಹೇಳಿದನಾ ಎಂದು ಕೇಳಿದೆ. ಅವಳು ಸಿಪ್ಪೆಯನ್ನೆಲ್ಲ ಸೆರಗಿಗೆ ಬಾಚಿಕೊಂಡು ದನಕ್ಕೆ ಹಾಕಲು ಎದ್ದು ಹೋದಳು. ಆ ವಿಷಯ ಮತ್ತೆ ನಮ್ಮಿಬ್ಬರ ನಡುವೆ ಬರಲಿಲ್ಲ... ಬಂದಿದ್ದರೆ ಏನಾಗುತ್ತಿತ್ತು ಎಂದೂ ಗೊತ್ತಿಲ್ಲ.

ಕಾರು ಊರು ಸೇರುವಷ್ಟರಲ್ಲಿ ಮನೆಯ ಮುಂದೆ ಶಾಮಿಯಾನದ ಕೆಳಗೆ ಜನ ತುಂಬಿದ್ದರು. ಅತ್ತಿಗೆಯ ಫೋಟೋಗೆ ದೊಡ್ಡ ಹಾರ. ಯಾರೋ ಹಿರಿಯರು ಮೈಕ್ ಹಿಡಿದು, ಇಂಥ ಸಹನಾಮೂರ್ತಿಯನ್ನು ಈ ಕಾಲದಲ್ಲಿ ಕಾಣುವುದು ದುರ್ಲಭ, ಭೂಮಿತಾಯಿಯಂಥ ಹೆಣ್ಣುಮಗಳು ಎಂದೆಲ್ಲ ಹೇಳುತ್ತಿದ್ದರು. ಅಮ್ಮನ ಹೆಸರಿನಲ್ಲಿದ್ದ ಸಹನೆಯನ್ನು ಸತ್ತ ಮೇಲಾದರೂ ಅತ್ತಿಗೆಯ ಹೆಸರಿಗೆ ವರ್ಗಾಯಿಸಿದರಲ್ಲ ಎಂದುಕೊಂಡೆ. ಊಟಕ್ಕೆ ಕರೆದರು, ನನಗೆ ಸೇರಲಿಲ್ಲ.

ಜನ ಕರಗಿದ ಮೇಲೆ ಅಣ್ಣ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ಅತ್ತೂ ಅತ್ತೂ ಕಣ್ಣು ಊದಿಹೋಗಿತ್ತು. ಗಡ್ಡ ಬಿಟ್ಟು ಅಣ್ಣ ಇನ್ನೂ ಮುದುಕನಾಗಿ ಕಾಣುತ್ತಿದ್ದ. ನನ್ನ ಕೈ ಹಿಡಿದುಕೊಂಡು, ಬಹಳ ಮೆತ್ತಗೆ, ಯಾರಿಗೂ ಹೇಳದ್ದನ್ನು ನನಗೊಬ್ಬಳಿಗೆ ಹೇಳುವವನಂತೆ ಹೇಳಿದ.

"ಅವತ್ತು ಆ ಬೆಳೆ ಹೋದಾಗ ಅಮ್ಮ ಅವಳನ್ನ ತವರಿಗೆ ಕಳಿಸ್ಬಿಡು ಅಂದ್ಲು ಕಣೇ. ನಾನು ಕಳಿಸ್ಲಿಲ್ಲ. ಅಷ್ಟು ದೊಡ್ಡ ತಪ್ಪು ಮಾಡಿದ್ರೂ ಒಂದಿನ ಒಂದು ಮಾತು ಅಂದೋನಲ್ಲ ಅವಳನ್ನ. ಸಹಿಸ್ಕೊಂಡೆ. ಬೇರೆ ಯಾರಾದ್ರೂ ಸಹಿಸ್ಕೊಳ್ತಿದ್ರಾ ಹೇಳು."

ನಾನು ಅವನ ಮುಖವನ್ನೇ ನೋಡಿದೆ. ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಲೇಬೇಕಾಯಿತು.

"ಅವತ್ತು ಸೊಪ್ಪು ಎಲ್ಲಿಂದ ಕಿತ್ತೆ ಅಣ್ಣ?"

ಅಣ್ಣ ಕಣ್ಣು ಒರೆಸಿಕೊಂಡು ನನ್ನ ಕಡೆ ನೋಡಿದ. ಅವನು ತಪ್ಪಿಸಿಕೊಳ್ಳುತ್ತಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಾಯಿತು. ನಿಜವಾಗಿಯೂ ಯೋಚಿಸುತ್ತಿದ್ದ.

"ಯಾವ ಸೊಪ್ಪು?" ಅಂದ.

ಒಂದು ದಿನ ಅವನೇ ಹೇಳುತ್ತಾನೆ ಎಂದು ಅತ್ತಿಗೆ ಜೀವಮಾನವಿಡೀ ಕಾದಿದ್ದಳು. ಅವನು ಯಾವಾಗಲೋ ಮರೆತುಬಿಟ್ಟಿದ್ದ.